ಬಾಂಗಿಗೆ ಮೊದಲಿನ ಊಟ

ಜುಲೈ ಇಪ್ಪತ್ತೆರಡು, ಮಂಗಳವಾರ, ಬೆಳಿಗ್ಗೆ ಐದೂವರೆ. ಪುತ್ತಿಗೆಯ ನಮ್ಮ ಮನೆಯಲ್ಲಿದ್ದವರು ನಾನು, ನನ್ನ ಹೆಂಡತಿ, ಮಗಳು. ಮಗಳು ವೇಣೂರಿನ ಶಾಲೆಯಲ್ಲಿ ಟೀಚರ್. ಏಳೂವರೆಗೆ ಕೊಡೆ ಬಿಡಿಸಿಕೊಂಡು ಹೊರಟಳು. ಆಮೇಲೆ ಸಂಜೆಯವರೆಗೆ ನಾವಿಬ್ಬರೇ.

ಹೀಗೆ ದಿನ, ಹೊತ್ತು, ಹಾಜರಿದ್ದವರು ಎಂದು ಶುರು ಮಾಡುವುದು ನನ್ನ ಉದ್ಯೋಗ ಕಲಿಸಿದ ಅಭ್ಯಾಸ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಟೈಮ್ ಕೀಪರ್ ಆಗಿದ್ದೆ. ಬೆಳ್ತಂಗಡಿಯ ಬಸ್ಸು ಎಷ್ಟು ಹೊತ್ತಿಗೆ ಬಂತು, ಬಂಟ್ವಾಳದ್ದು ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ನೋಡುವುದು, ತನ್ನ ವೇಳೆ ಮುಗಿದರೂ ಜನ ತುಂಬಲಿ ಎಂದು ನಿಂತವನನ್ನು ಸೀಟಿ ಊದಿ ಓಡಿಸುವುದು ನನ್ನ ಕೆಲಸ. ಖಾಸಗಿ ಬಸ್ಸುಗಳಲ್ಲಿ ಒಂದು ನಿಮಿಷಕ್ಕಾಗಿ ಡ್ರೈವರುಗಳು ಅಂಗಿ ಹಿಡಿದು ಜಗ್ಗಾಡುವುದುಂಟು. ಆದರೆ ನಾನು ಹೇಳಿದ ಸಮಯದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಅಷ್ಟೊಂದು ವಿಶ್ವಾಸ ಬೇರೆ ಯಾವ ವಿಷಯದಲ್ಲೂ ನನಗೆ ಸಿಕ್ಕಿಲ್ಲ.

ಹೆಂಡತಿಗೆ ಮರೆವಿನ ಕಾಯಿಲೆ. ಮೊದಲು ಪಾತ್ರೆ ಪರಡಿಗಳ ಹೆಸರು ಹೋಯಿತು. ಆಮೇಲೆ ವಾರ, ತಿಂಗಳು ಹೋದವು. ಈಗ ಹೊತ್ತು ಹೋಗಿದೆ. ಮಧ್ಯಾಹ್ನ ಎದ್ದು ಹಲ್ಲುಜ್ಜುತ್ತಾಳೆ, ಹಲ್ಲುಜ್ಜಿ ಬಂದು ಮಲಗುತ್ತಾಳೆ. ಸಕ್ಕರೆ ಕಾಯಿಲೆ ಅದಕ್ಕಿಂತ ಹಳೆಯದು. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಬೇಕು, ಚುಚ್ಚಿದ ಅರ್ಧ ಗಂಟೆಯೊಳಗೆ ಊಟವಾಗಬೇಕು. ಒಂದು ಕಾಯಿಲೆಗೆ ಗಂಟೆ ಹೊಡೆದಂತೆ ಊಟ ಬೇಕು, ಇನ್ನೊಂದಕ್ಕೆ ಗಂಟೆಯೇ ಗೊತ್ತಿಲ್ಲ. ಇವೆರಡರ ನಡುವೆ ನಾನು ಸೀಟಿ ಇಲ್ಲದ ಟೈಮ್ ಕೀಪರ್.

ಇಂಥ ಮನೆಯಲ್ಲಿ ಸಂತೋಷ ಎಲ್ಲಿಂದ ಎಂದು ಕೇಳುವವರಿದ್ದಾರೆ. ಇಲ್ಲವೆಂದಲ್ಲ, ಆದರೆ ಅದಕ್ಕೂ ವೇಳೆ ಇಡಬೇಕು. ತಾನಾಗಿ ಬರಲಿ ಎಂದು ಕಾದರೆ ಬರುವುದಿಲ್ಲ. ನಾನು ದಿನದಲ್ಲಿ ಎರಡು ವೇಳೆ ಇಟ್ಟಿದ್ದೇನೆ. ಒಂದು, ಬೆಳಗಿನ ತಿಂಡಿಯ ನಂತರ ಅವಳ ತಲೆ ಬಾಚುವುದು. ಬೈತಲೆ ನೆಟ್ಟಗೆ ತೆಗೆಯಲು ನಾನು ತಿಂಗಳುಗಟ್ಟಲೆ ಕಲಿತಿದ್ದೇನೆ. ಆ ಹೊತ್ತಿನಲ್ಲಿ ಅವಳು ಸುಮ್ಮನಿರುತ್ತಾಳೆ, ನಾನೂ ಸುಮ್ಮನಿರುತ್ತೇನೆ. ಎಣ್ಣೆಯ ವಾಸನೆ, ಹೊರಗೆ ತಗಡಿನ ಮೇಲೆ ಮಳೆ. ಅಷ್ಟೇ. ನಂತರ ಹಲಸಿನ ಬೀಜದ ತಟ್ಟೆ ಮುಂದಿಟ್ಟರೆ ಸಿಪ್ಪೆ ಸುಲಿಯುತ್ತಾ ಕೂರುತ್ತಾಳೆ. ತಲೆಗೆ ಮರೆತದ್ದು ಬೆರಳಿಗೆ ಮರೆತಿಲ್ಲ.

ಎರಡನೆಯದು ಸಂಜೆಯ ಊಟ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬ ವ್ರತವನ್ನು ಅವಳು ಮದುವೆಗೆ ಮೊದಲೇ, ಇನ್ನೂ ಲಂಗ ತೊಡುವ ವಯಸ್ಸಿನಲ್ಲಿ, ಬಸದಿಯಲ್ಲಿ ಮುನಿಗಳ ಮುಂದೆ ತೆಗೆದುಕೊಂಡವಳು. ಹೆರಿಗೆಯ ದಿನವೂ ಬಿಟ್ಟವಳಲ್ಲ. ನನಗೆ ಆ ಬಿಗಿ ಇರಲಿಲ್ಲ. ಕೊನೆಯ ಬಸ್ಸು ಬಿಡಿಸಿ ಹೊಟೇಲಿನಲ್ಲಿ ಏನು ಉಳಿದಿದೆಯೋ ಅದನ್ನು ತಿನ್ನುತ್ತಿದ್ದೆ. ನಿವೃತ್ತಿಯಾದ ಮೇಲೆಯೇ ನಾನು ಬೆಳಕಿನ ಊಟ ಕಂಡದ್ದು. ನಮ್ಮ ಹಿಂದಿನ ಜಗಲಿ ಪಡುವಣ ದಿಕ್ಕಿಗಿದೆ. ಇಬ್ಬರೂ ಅಲ್ಲಿ ಕೂತು, ಅನ್ನದ ಮೇಲೆ ಬಿಸಿಲು ಬಿದ್ದಿರುವಾಗಲೇ ಉಣ್ಣುವುದು. ಸಾಂಬಾರಿನಲ್ಲಿ ಸಾಸಿವೆಯನ್ನೂ ಎಣಿಸಬಹುದಾದ ಬೆಳಕು. ಅವಳ ಮಾತುಗಳಲ್ಲಿ ಉಳಿದಿರುವವು ಹೆಚ್ಚಾಗಿ ಆ ಹೊತ್ತಿನಲ್ಲೇ ಬರುತ್ತವೆ.

"ಎಂತ ಅವಸರ ನಿಮಗೆ? ಇದೇನು ಬಸ್ಸಾ, ಸೀಟಿ ಊದಿದ ಕೂಡಲೇ ಹೊರಡ್ಲಿಕ್ಕೆ?" ಎನ್ನುತ್ತಾಳೆ, ನಾನು ಗಡಿಯಾರ ನೋಡಿದರೆ.

"ಮತ್ತೆ? ನಿನ್ನ ಗಾಡಿ ಸ್ಟ್ಯಾಂಡಿನಲ್ಲೇ ನಿಂತಿದೆ. ಹಿಂದಿನವನು ಹಾರ್ನ್ ಹೊಡೀತಿದ್ದಾನೆ."

"ಹೊಡೀಲಿ. ನಂದು ಸ್ಪೆಷಲ್ ಗಾಡಿ."

ಇಷ್ಟೇ ಮಾತು. ಇಷ್ಟಕ್ಕಾಗಿಯೇ ನಾನು ಇಡೀ ದಿನ ದುಡಿಯುತ್ತೇನೆ ಎಂದರೆ ತಪ್ಪಲ್ಲ.

ಸೂರ್ಯ ಕಾಣದ ಮಳೆಗಾಲದಲ್ಲಿ ಹೊತ್ತು ಮುಳುಗಿದ್ದು ಗೊತ್ತಾಗುವುದು ಹೇಗೆ? ಗಡಿಯಾರವನ್ನು ಅವಳು ಎಂದೂ ನಂಬಿದವಳಲ್ಲ. "ಗಡಿಯಾರ ಬಸ್ಸಿಗೆ" ಎನ್ನುತ್ತಿದ್ದಳು. ಅವಳ ಲೆಕ್ಕ ಬಾಂಗಿನದ್ದು. ರಬ್ಬರು ತೋಟದ ಆಚೆಗಿನ ಮಸೀದಿಯಲ್ಲಿ ಸೂರ್ಯ ಮುಳುಗಿದ ಕೂಡಲೇ ಸಂಜೆಯ ನಮಾಜಿಗೆ ಕರೆಯುತ್ತಾರೆ. ಆ ಬಾಂಗಿಗೆ ಮೊದಲು ತಟ್ಟೆ ತೊಳೆದಿರಬೇಕು. ಪಕ್ಕದ ಮನೆಯ ಬ್ಯಾರಿ ಹೆಂಗಸು ರಮ್‌ಜಾನಿನಲ್ಲಿ ಬೇಲಿಯ ಹತ್ತಿರ ನಿಂತು ತಮಾಷೆ ಮಾಡುತ್ತಿದ್ದಳು: "ಬಾಂಗ್ ಅಂದ್ರೆ ನನಗೆ ಬಾಯಿ ತೆರೆಯುವ ಹೊತ್ತು, ನಿಮಗೆ ಮುಚ್ಚುವ ಹೊತ್ತು. ಒಬ್ಬರೇ ಕರೆಯುವುದು ಅಕ್ಕ, ಇಬ್ಬರಿಗೂ ಆಯ್ತು ನೋಡಿ." ನಮ್ಮವಳು ನಗುತ್ತಿದ್ದಳು. ಎರಡು ಮನೆಗಳ ನಡುವಿನ ಈ ಏರ್ಪಾಡು ಒಂದು ದಿನವೂ ಕೆಟ್ಟಿರಲಿಲ್ಲ.

ಮಂಗಳವಾರ ಮಧ್ಯಾಹ್ನದ ನಂತರ ಆಕಾಶ ಕಪ್ಪಾಯಿತು. ಮಳೆ ಜೋರಾಗುವ ಆಟಿ ತಿಂಗಳಲ್ಲಿ ಕಪ್ಪಾಗುವುದು ಹೊಸತಲ್ಲ, ಆದರೆ ಆ ದಿನ ಅಂಗಳದ ತುಳಸಿಯೂ ಕಾಣದಷ್ಟು. ಗಾಳಿ ಬಂತು, ಕರೆಂಟು ಹೋಯಿತು. ಅವಳು ಒಳಗೆ ಮಲಗಿದ್ದಳು. ನಾಲ್ಕು ಗಂಟೆಯ ಸುಮಾರಿಗೆ ಮಸೀದಿಯಲ್ಲಿ ಬಾಂಗ್ ಕೊಟ್ಟರು. ಅದು ಅಪರಾಹ್ನದ ನಮಾಜಿನದ್ದು, ಅಸರ್ ಎನ್ನುತ್ತಾರೆ. ದಿನವೂ ಕೊಡುತ್ತಾರೆ, ದಿನವೂ ನಾನು ಅದನ್ನು ಕೇಳಿಯೂ ಕೇಳದವನಂತೆ ಬಟ್ಟೆ ಮಡಚುತ್ತೇನೆ. ಆ ದಿನವೂ ಮಡಚುತ್ತಿದ್ದೆ. ಅವಳು ಅದೇ ಬಾಂಗಿಗೆ ಎಚ್ಚರಾಗಿ, ಕಿಟಕಿಯಾಚೆಯ ಕತ್ತಲೆ ನೋಡಿ, ಮನಸ್ಸಿನಲ್ಲಿ ದಿನವನ್ನು ಮುಗಿಸಿಬಿಟ್ಟಿದ್ದಳು. ನನಗೆ ಹೇಳಲಿಲ್ಲ.

ಐದೂಕಾಲಿಗೆ ಎಂದಿನಂತೆ ಸೂಜಿ ಚುಚ್ಚಿದೆ. ತೋಳು ಚಾಚಿದಳು, ಮುಖ ಕಿವುಚಲಿಲ್ಲ. ಸೌತೆಕಾಯಿ, ಹಲಸಿನ ಬೀಜ ಹಾಕಿದ ಸಾಂಬಾರು ಬಿಸಿ ಮಾಡಿ, ಹಿಂದಿನ ಜಗಲಿಯಲ್ಲಿ ಎರಡು ತಟ್ಟೆ ಇಟ್ಟು ಕರೆದೆ.

"ಬಾ. ಊಟ."

"ಈಗ ಎಂತ ಊಟ?" ಎಂದಳು, ಜಗಲಿಗೆ ಬಂದು ಕೂತು. "ಬಾಂಗ್ ಆಯ್ತು."

"ಅದು ಅಸರಿನದ್ದು ಮಾರಾಯ್ತಿ. ಇನ್ನೂ ಆರು ಗಂಟೆಯೂ ಆಗ್ಲಿಲ್ಲ."

"ಹೊರಗೆ ನೋಡಿ ನೀವು. ರಾತ್ರಿ ಆಗಿದೆ. ನನ್ನನ್ನು ಹುಚ್ಚಿ ಮಾಡ್ಬೇಡಿ."

ಹೊರಗೆ ನೋಡಿದೆ. ನಾನು ಅವಳಾಗಿದ್ದರೆ ನಾನೂ ರಾತ್ರಿ ಎಂದೇ ಹೇಳುತ್ತಿದ್ದೆ. ಆಗ ತಪ್ಪೊಂದನ್ನು ಮಾಡಿದೆ. ಗಡಿಯಾರ ತೋರಿಸೋಣ ಎಂದು ಎಮರ್ಜೆನ್ಸಿ ದೀಪ ಹಚ್ಚಿ ಗೋಡೆಗೆ ಹಿಡಿದೆ. ಅವಳು ಗಡಿಯಾರ ನೋಡಲೇ ಇಲ್ಲ. ದೀಪ ನೋಡಿದಳು.

"ದೀಪ ಹಚ್ಚಿದ ಮೇಲೆ ಉಣ್ಣು ಅಂತೀರಲ್ಲ! ನಿಮ್ಮ ತಾಯಿ ಇದ್ದಿದ್ರೆ ಎಂತ ಹೇಳ್ತಿದ್ರು?"

ದೀಪ ಆರಿಸಿದೆ. ಆರಿಸಿದರೆ ಇನ್ನಷ್ಟು ಕತ್ತಲೆ.

ಬೈದು ನೋಡಿದೆ, ಬೇಡಿ ನೋಡಿದೆ. ತುತ್ತು ಕಲಸಿ ಬಾಯಿಯ ಹತ್ತಿರ ಹಿಡಿದರೆ ಮುಖ ತಿರುಗಿಸಿದಳು. ಅನ್ನ ಕಂಡರೆ ಆಸೆಯಿಲ್ಲವೆಂದಲ್ಲ. ಹಸಿವಾಗಿತ್ತು, ಗಂಟಲು ನುಂಗುವುದು ಕಾಣುತ್ತಿತ್ತು. ಎಲ್ಲ ಮರೆತವಳು ಅದೊಂದನ್ನು ಮರೆತಿರಲಿಲ್ಲ. ಅವಳಲ್ಲಿ ಉಳಿದಿದ್ದ ಆ ಒಂದು ಗಟ್ಟಿ ವಸ್ತುವಿನ ಎದುರು ನಾನು ತಟ್ಟೆ ಹಿಡಿದು ನಿಂತಿದ್ದೆ, ಇನ್ಸುಲಿನ್ ಒಳಗೆ ತನ್ನ ಕೆಲಸ ಮಾಡುತ್ತಿತ್ತು.

ಮಗಳಿಗೆ ಫೋನ್ ಮಾಡಿದೆ. ವೇಣೂರಿನ ದಾರಿಯಲ್ಲಿ ಮರ ಬಿದ್ದು ಬಸ್ಸುಗಳು ಸಾಲಾಗಿ ನಿಂತಿವೆ ಎಂದಳು. ಡಾಕ್ಟರಿಗೆ ಫೋನ್ ಮಾಡಿದೆ. "ಅನ್ನ ತಿನ್ನದಿದ್ದರೆ ಗ್ಲುಕೋಸ್ ಕೊಡಿ. ಬೆವರಿದರೆ ಕಾಯ್ಬೇಡಿ. ಆಮೇಲೆ ಒಂದು ಗಂಟೆಯೊಳಗೆ ಊಟ ಆಗ್ಲೇಬೇಕು, ಇಲ್ಲದಿದ್ದರೆ ಸಕ್ಕರೆ ಪುನಃ ಇಳೀತದೆ" ಎಂದರು. ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವಳನ್ನು ಕೂಗಿದೆ. ಬಾಂಗಿನ ವಿಷಯದಲ್ಲಿ ನನ್ನ ಮಾತಿಗಿಂತ ಅವಳ ಮಾತು ನಡೆಯಬಹುದು ಎಂಬ ಆಸೆ.

ಅವಳು ತಲೆಯ ಮೇಲೆ ಗೋಣಿ ಹಾಕಿಕೊಂಡು ಓಡಿಬಂದಳು. ಹೆಂಡತಿಯ ಎದುರು ನೆಲದಲ್ಲೇ ಕೂತಳು.

"ಅಕ್ಕಾ, ನಾನು ಹೇಳ್ತೇನೆ ಕೇಳಿ. ಆಗ ಆದದ್ದು ಅಸರ್. ಸಂಜೆಯ ಮಗ್ರಿಬ್ ಬಾಂಗಿಗೆ ಇನ್ನೂ ಹೊತ್ತುಂಟು. ನಾನು ಸುಳ್ಳು ಹೇಳ್ತೇನಾ ನಿಮ್ಮ ಹತ್ರ?"

ಹೆಂಡತಿ ಅವಳ ಮುಖ ನೋಡಿದಳು. ಒಂದು ಕ್ಷಣ ನನಗೆ ಗೆದ್ದೆವು ಎನಿಸಿತು.

"ನೀನು ಉಪವಾಸ ಬಿಟ್ಟಿಯಾ?" ಎಂದು ಕೇಳಿದಳು.

"ಈಗ ನೋಂಬು ಇಲ್ಲ ಅಕ್ಕ. ರಮ್‌ಜಾನ್ ಮುಗಿದು ಎಷ್ಟು ಸಮಯ ಆಯ್ತು. ನಾನೀಗ ಚಾ ಕುಡಿದೇ ಬಂದದ್ದು."

"ನೋಡಿ!" ಎಂದು ಹೆಂಡತಿ ನನ್ನತ್ತ ತಿರುಗಿದಳು. "ಚಾ ಕುಡಿದಿದ್ದಾಳಂತೆ. ಅವಳ ಬಾಯಿ ತೆರೀತು. ಹೊತ್ತು ಮುಳುಗದೆ ಅವಳು ಕುಡೀತಾಳಾ?"

ಪಕ್ಕದ ಮನೆಯವಳು ನನ್ನನ್ನು ನೋಡಿದಳು. ಅಷ್ಟು ವರ್ಷ ಅವಳೇ ಆಡಿದ ತಮಾಷೆ ಅವಳ ಕಣ್ಣೆದುರೇ ಸಾಕ್ಷಿಯಾಗಿ ನಿಂತಿತ್ತು. "ನನ್ನ ನಾಲಿಗೆಗೆ ಬೆಂಕಿ ಹಾಕ" ಎಂದು ಮೆಲ್ಲಗೆ ಹೇಳಿಕೊಂಡಳು.

ಆರು ಗಂಟೆಯಾಗುವಾಗ ಹೆಂಡತಿಯ ಹಣೆಯಲ್ಲಿ ಬೆವರು ಬಂತು. ಮಳೆಯ ತಂಪಿನಲ್ಲಿ ಬೆವರು. ಕೈ ನಡುಗತೊಡಗಿತು. ಸಕ್ಕರೆ ನೋಡುವ ಯಂತ್ರಕ್ಕೆ ಬೆರಳು ಚುಚ್ಚಿದೆ. ಅದು ತೋರಿಸಿದ ಅಂಕೆ ನೋಡಿ ಎರಡನೇ ಸಲ ನೋಡಲಿಲ್ಲ. ಗ್ಲುಕೋಸ್ ಹುಡಿಯನ್ನು ಲೋಟದಲ್ಲಿ ಕದಡಿದೆ.

ಅವಳು ಎರಡೂ ಕೈ ಜೋಡಿಸಿದಳು. ನನಗೆ ಕೈ ಮುಗಿದಳು, ಗಂಡನಿಗೆ ಮುಗಿಯುವಂತಲ್ಲ, ಪರವೂರಿನ ಯಾರೋ ದೊಡ್ಡವರಿಗೆ ಮುಗಿಯುವಂತೆ. "ನೀವು ಯಾರಾದ್ರೂ ಆಗಿ. ನನ್ನ ವ್ರತ ಕೆಡಿಸ್ಬೇಡಿ. ಬೆಳಿಗ್ಗೆ ಕುಡೀತೇನೆ. ಬೆಳಿಗ್ಗೆ ನೀವು ಹೇಳಿದ್ದೆಲ್ಲ ತಿಂತೇನೆ."

"ಕೈ ಹಿಡಿ" ಎಂದೆ ಪಕ್ಕದ ಮನೆಯವಳಿಗೆ.

"ನನ್ನಿಂದ ಆಗುವುದಿಲ್ಲ ಅಣ್ಣ. ನಾಳೆ ಅವರ ಮುಖ ನಾನು ಹೇಗೆ ನೋಡುವುದು?"

"ನಾಳೆ ಅವಳಿಗೆ ನೆನಪಿರುವುದಿಲ್ಲ."

"ನನಗಿರ್ತದಲ್ಲ."

ಆದರೂ ಅವಳು ಹಿಡಿದಳು. ಹಿಡಿದು ಮುಖ ಗೋಡೆಗೆ ತಿರುಗಿಸಿಕೊಂಡಳು. ಹಲ್ಲು ಕಚ್ಚಿದ ಬಾಯಿಗೆ ನೀರು ಸುರಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹುಡಿಯನ್ನೇ ಬೆರಳಿನಲ್ಲಿ ತೆಗೆದು, ಗಲ್ಲ ಹಿಡಿದು, ಕೆನ್ನೆಯ ಒಳಬದಿಗೆ ಉಜ್ಜಿದೆ. ಒಮ್ಮೆ, ಮತ್ತೊಮ್ಮೆ. ಉಗುಳಲು ನೋಡಿದಳು. ನಾನು ತುಟಿ ಒತ್ತಿ ಹಿಡಿದೆ. ಬೆಳಿಗ್ಗೆ ಬೈತಲೆ ತೆಗೆದ ಕೈಯೇ ಅದು. ಅವಳು ಅತ್ತದ್ದು ಸದ್ದಿಲ್ಲದೆ. ಕಣ್ಣಿನ ನೀರು ನನ್ನ ಹೆಬ್ಬೆರಳಿಗೆ ಬಂದು ಹುಡಿಯೊಂದಿಗೆ ಅಂಟಾಯಿತು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬೆವರು ಒರೆಸಿದೆ. ಯಂತ್ರದ ಅಂಕೆ ಏರಿತ್ತು, ಬಹಳವಲ್ಲ. ಅವಳು ಗೋಡೆಗೆ ಒರಗಿ ತೂಕಡಿಸಿದಳು. ನಾವಿಬ್ಬರೂ ಅವಳ ಅಕ್ಕಪಕ್ಕ ಕೂತೆವು. ಅನ್ನ ಆರಿ ತಣ್ಣಗಾಗಿತ್ತು. ಡಾಕ್ಟರು ಹೇಳಿದ ಒಂದು ಗಂಟೆ ಓಡುತ್ತಿತ್ತು. ಆಸ್ಪತ್ರೆಗೆಂದು ಆಟೋದವನಿಗೆ ಫೋನ್ ಮಾಡಿದರೆ, "ಮರ ತೆಗೆಯದೆ ಬರ್ಲಿಕ್ಕಾಗುವುದಿಲ್ಲ, ಸುತ್ತು ಬಳಸಿ ಬರ್ಬೇಕು, ತಡ ಆಗ್ತದೆ" ಎಂದ. ಬಾ ಎಂದೆ. ಜೀವನದಲ್ಲಿ ಎಷ್ಟೋ ಗಾಡಿಗಳನ್ನು ವೇಳೆಗೆ ಸರಿಯಾಗಿ ಕಳಿಸಿದವನು ಒಂದು ಆಟೋಗಾಗಿ ಕಿವಿ ಕೊಟ್ಟು ಕೂತಿದ್ದೆ.

ಏಳರ ಹೊತ್ತಿಗೆ ಮಳೆ ನಿಂತಿತು. ಮೋಡ ಪಡುವಣದಲ್ಲಿ ಮಾತ್ರ ಸ್ವಲ್ಪ ಹರಿದು, ಹಳದಿ ಬೆಳಕೊಂದು ಜಗಲಿಗೆ ಬಂತು. ಅದರ ಹಿಂದೆಯೇ ಬಾಂಗ್. ಈ ಸಲ ನಿಜವಾದ ಸಂಜೆಯದು. ಪಕ್ಕದ ಮನೆಯವಳು ಸೆರಗನ್ನು ತಲೆಗೆಳೆದುಕೊಂಡು ಎದ್ದಳು.

ಬಾಂಗಿಗೆ ಹೆಂಡತಿಗೂ ಎಚ್ಚರವಾಯಿತು. ಬೆಳಕು ನೋಡಿದಳು. ಮುಖದಲ್ಲಿ ಅಳುವಿನ ಗುರುತೂ ಇರಲಿಲ್ಲ.

"ಬೆಳಗಾಯ್ತಾ?" ಎಂದಳು.

ಪಕ್ಕದ ಮನೆಯವಳು ಮೆಟ್ಟಿಲಿನಲ್ಲಿ ನಿಂತುಬಿಟ್ಟಳು. ನನ್ನನ್ನು ನೋಡಿದಳು. ಯಾರು ಕೇಳಿದರೂ ಸರಿಯಾದ ಹೊತ್ತನ್ನೇ ಹೇಳಿ ಬದುಕಿದವನು ನಾನು. ಸ್ಟ್ಯಾಂಡಿನಲ್ಲಿ ದುಡ್ಡು ತೋರಿಸಿದವರಿಗೂ, ಕೈ ಎತ್ತಿದವರಿಗೂ ಒಂದೇ ಹೊತ್ತು ಹೇಳಿದ್ದೇನೆ.

"ಆಯಿತು" ಎಂದೆ.

"ಸೂರ್ಯ ಬಂದನಾ?"

"ಬಂದಿದ್ದಾನೆ. ಮೋಡದ ಹಿಂದೆ ಇದ್ದಾನೆ."

"ಮಳೆಗಾಲದಲ್ಲಿ ಅವನು ಹಾಗೆಯೇ" ಎಂದು ತಾನೇ ಒಪ್ಪಿದಳು. ಪಕ್ಕದ ಮನೆಯವಳನ್ನು ಕಂಡು, "ಎಂತದು, ಇಷ್ಟು ಬೇಗ ಬಂದದ್ದು?" ಎಂದು ಕೇಳಿದಳು.

ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ನೀವು ಉಣ್ಣಿ ಅಕ್ಕ. ನನಗೆ ನಮಾಜಿಗೆ ಹೊತ್ತಾಯ್ತು" ಎಂದು ಇಳಿದು ಹೋದಳು. ಸುಳ್ಳನ್ನು ಪೂರ್ತಿ ನನಗೇ ಬಿಟ್ಟು ಹೋದಳು. ಅದು ಸರಿಯೇ.

ಬೆಳಿಗ್ಗೆ ಯಾರೂ ಸಾಂಬಾರು ಅನ್ನ ಉಣ್ಣುವುದಿಲ್ಲ. ಒಳಗೆ ಹೋಗಿ ತಣ್ಣಗಾದ ಅನ್ನಕ್ಕೆ ಬಿಸಿನೀರು ಹೊಯ್ದು ಗಂಜಿ ಮಾಡಿದೆ, ಉಪ್ಪು ಹಾಕಿದೆ, ಮಾವಿನ ಉಪ್ಪಿನಕಾಯಿ ಒಂದು ಹೋಳು ಇಟ್ಟೆ. ಅಷ್ಟರಲ್ಲಿ ಅವಳು ಬಚ್ಚಲಲ್ಲಿ ಮುಖ ತೊಳೆದು, ಪೂರ್ವಕ್ಕೆಂದು ಪಡುವಣಕ್ಕೇ ತಿರುಗಿ ನಿಂತು ಕೈ ಮುಗಿದು ಮಂತ್ರ ಹೇಳಿದಳು. ಮಂತ್ರದಲ್ಲಿ ಒಂದಕ್ಷರ ತಪ್ಪಲಿಲ್ಲ. ಬಂದು ಕೂತು ಗಂಜಿ ಸುರಿದಳು.

"ಹಸಿವು ಅಂದ್ರೆ ಹಸಿವು" ಎಂದಳು. "ನಿನ್ನೆ ರಾತ್ರಿ ನೀವು ನನಗೆ ಊಟ ಹಾಕ್ಲೇ ಇಲ್ಲ ಅಲ್ವಾ?"

"ಹಾಕಿದ್ದೆ. ನಿನಗೇ ಬೇಡ ಅಂತಾಯ್ತು."

"ಒಳ್ಳೇದಾಯ್ತು ಬೇಡ ಅಂದದ್ದು. ಕತ್ತಲೆಯಾಗಿತ್ತು." ಇನ್ನೊಂದು ಸೌಟಿಗೆ ತಟ್ಟೆ ಚಾಚಿದಳು. "ಉಪ್ಪು ಸರಿ ಉಂಟು. ಪರವಾಗಿಲ್ಲ, ಟೈಮ್ ಕೀಪರಿಗೂ ಗಂಜಿ ಬರ್ತದೆ."

ಅವಳು ನಕ್ಕಳು. ಹೊಟ್ಟೆ ತುಂಬ ಉಂಡಳು. ಹಗಲಿನಲ್ಲಿ ಕೈ ಮುಗಿದು ಬೇಡವೆಂದದ್ದನ್ನು ಹೊತ್ತು ಮುಳುಗಿದ ಮೇಲೆ ನಗುತ್ತಾ ಉಂಡಳು, ನಾನು ಬಡಿಸಿದ್ದರಿಂದ. ಅವಳ ಎದುರು ಕೂತು ನೋಡಿದೆ. ನನಗೆ ಸಂತೋಷವಾಯಿತು ಎಂದು ಬರೆಯುವುದೇ ಕಷ್ಟ, ಆದರೆ ಆಯಿತು. ಅವಳ ಗಂಟಲಿನಲ್ಲಿ ಗಂಜಿ ಇಳಿಯುವ ಸದ್ದಿನಷ್ಟು ಹಿತವಾದ ಸದ್ದನ್ನು ನಾನು ಆ ದಿನ ಕೇಳಿರಲಿಲ್ಲ. ಅದು ಯಾವ ಬೆಲೆಗೆ ಬಂತು ಎಂಬುದು ಅವಳಿಗೆ ತಿಳಿಯುವುದಿಲ್ಲ. ತಿಳಿದವರು ನಾವಿಬ್ಬರು, ನಾನು ಮತ್ತು ಬೇಲಿಯಾಚೆಯವಳು. ನನ್ನ ತಟ್ಟೆ ಹಾಗೆಯೇ ಇತ್ತು. ನಾನು ಉಣ್ಣಲಿಲ್ಲ. ಬಾಂಗ್ ಆಗಿತ್ತು.

ಯಂತ್ರ ಹಿಡಿದು ನೋಡಿದೆ. ಅಂಕೆ ಸರಿಯಿತ್ತು. ಡಾಕ್ಟರಿಗೆ ಹೇಳಿದೆ, ಆಟೋದವನಿಗೆ ಬೇಡ ಎಂದೆ. ಅವನು ಬಯ್ದ. ಬಯ್ಯಲಿ.

ಉಂಡೆದ್ದವಳಿಗೆ ಬೆಳಗಿನ ಕೆಲಸಗಳು ನೆನಪಾದವು. ಮೂಲೆಯ ಪೊರಕೆ ತೆಗೆದು ಜಗಲಿ ಗುಡಿಸತೊಡಗಿದಳು. ದೀಪದ ಹೊತ್ತಿನಲ್ಲಿ ಕಸ ಗುಡಿಸಬಾರದು ಎಂದು ಮಗಳಿಗೆ ಬೈದು ಕಲಿಸಿದವಳು ಇವಳೇ. ನಾನು ತಡೆಯಲಿಲ್ಲ. ಹಳದಿ ಬೆಳಕು ಹೋಗಿತ್ತು, ಅವಳಿಗೆ ಅದು ಬರೀ ಮೋಡ. ಮಗಳು ಫೋನಿನ ಟಾರ್ಚ್ ಹಿಡಿದು, ಮೊಣಕಾಲುವರೆಗೆ ಕೆಸರಾಗಿ ಒಳಗೆ ಬಂದಾಗ ಅವಳು ಅರ್ಧ ಜಗಲಿ ಗುಡಿಸಿದ್ದಳು.

"ಅಪ್ಪಾ, ಅಮ್ಮ ಎಂತ ಮಾಡ್ತಿದ್ದಾರೆ ಈ ಕತ್ತಲೆಯಲ್ಲಿ?"

"ಬೆಳಿಗ್ಗೆಯ ಕೆಲಸ. ಟಾರ್ಚ್ ಆರಿಸು."

"ಊಟ ಮಾಡಿದ್ರಾ?"

"ಮಾಡಿದಳು."

"ಯಾವಾಗ?"

ನಾನು ಹೇಳಲಿಲ್ಲ. ಅವಳು ನನ್ನ ತಟ್ಟೆ ನೋಡಿದಳು, ತಾಯಿಯ ತೊಳೆಯದ ಗಂಜಿ ತಟ್ಟೆ ನೋಡಿದಳು. ಟಾರ್ಚ್ ಆರಿಸಿ, ತಾಯಿಯ ಕೈಯಿಂದ ಪೊರಕೆ ತೆಗೆದುಕೊಂಡು, "ಇಷ್ಟು ಸಾಕಮ್ಮ, ಬನ್ನಿ ಮಲಗುವ" ಎಂದಳು.

"ಬೆಳಿಗ್ಗೆ ಬೆಳಿಗ್ಗೆ ಮಲಗುವುದಾ? ಶಾಲೆಗೆ ಹೋಗ್ಲಿಕ್ಕಿಲ್ವಾ ನಿನಗೆ?"

"ರಜೆ ಅಮ್ಮ. ಮಳೆ ರಜೆ."

ಸುಳ್ಳು ಹೇಳಲು ಮಗಳಿಗೂ ತಡವಾಗಲಿಲ್ಲ. ಇಬ್ಬರೂ ಒಳಗೆ ಹೋದರು.

ತಟ್ಟೆಗಳನ್ನು ತೊಳೆದು ಕವುಚಿ ಹಾಕಿದೆ. ಉಳಿದ ಸಾಂಬಾರನ್ನು ಕುದಿಸಿ ಮುಚ್ಚಿದೆ. ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕಿದೆ. ಜಗಲಿಗೆ ಬಂದು, ಅವಳು ಗುಡಿಸಿ ರಾಶಿ ಮಾಡಿದ್ದ ಕಸವನ್ನು, ನಾಲ್ಕು ಎಲೆ, ಹಲಸಿನ ಬೀಜದ ಸಿಪ್ಪೆ, ಚೆಲ್ಲಿದ ಗ್ಲುಕೋಸ್ ಹುಡಿಗೆ ಮುತ್ತಿದ ಇರುವೆ, ಕತ್ತಲೆಯಲ್ಲಿ ಕೈಯಲ್ಲೇ ತಡವಿ ಮೊರಕ್ಕೆ ಎಳೆದೆ. ಹೊತ್ತು ಮುಳುಗಿದ ಮೇಲೆ ಕಸವನ್ನು ಹೊರಗೆ ಎಸೆಯುವ ಕ್ರಮ ನಮ್ಮಲ್ಲಿಲ್ಲ. ಮೊರವನ್ನು ಬಾಗಿಲ ಮೂಲೆಯಲ್ಲಿಟ್ಟು ಚಿಲಕ ಹಾಕಿದೆ.